ರಕ್ತ ಓಡಾಡುವ ಪುಡಿ: ಆರ್ಜಿನಿನ್, ಸಿಟ್ರುಲಿನ್, ಇಲ್ಲಾ ಬೀಟ್‌ರೂಟ್?

ಹೋದ ತಿಂಗಳು ಒಂದೇ ಸಂಜೆ, ಅರ್ಧ ತಾಸಿನ ಅಂತರದಲ್ಲಿ, ಇಬ್ಬರು ನಮ್ಮ ಅಂಗಡಿಗೆ ಬಂದು ಒಂದೇ ಸಾಮಾನು ಕೇಳಿದರು. ಹುಬ್ಬಳ್ಳಿಯ ವಿದ್ಯಾನಗರದ ಕಡೆ ನನ್ನದೊಂದು ಔಷಧಿ ಅಂಗಡಿ ಇದೆ. ಮೊದಲು ಬಂದವನು ಇಪ್ಪತ್ತೆರಡರ ಹುಡುಗ, ಜಿಮ್‌ನಿಂದ ನೇರವಾಗಿ ಬಂದಿದ್ದ, ಅಂಗಿ ಇನ್ನೂ ಹಸಿ. ಮೊಬೈಲ್‌ನಲ್ಲಿ ಒಂದು ಚಿತ್ರ ತೋರಿಸಿ, "ಅಣ್ಣಾರ, ಇದು ಐತೇನ್ರಿ? ರಕ್ತ ಚಲೋ ಓಡಾಡ್ತೈತಂತ, ಪಂಪ್ ಬರ್ತೈತಂತ" ಅಂದ. ಪಂಪ್ ಅಂದರೆ ವ್ಯಾಯಾಮದ ಹೊತ್ತಿಗೆ ತೋಳು ಉಬ್ಬಿದಂತೆ ಕಾಣುವುದು. ಆಮೇಲೆ ಬಂದವರು ಅಮರಗೋಳದ ಎಪಿಎಂಸಿಯಲ್ಲಿ ಮೊದಲು ಮೆಣಸಿನಕಾಯಿ ದಲಾಲಿ ಮಾಡುತ್ತಿದ್ದ ಕಾಕಾ. ಅರವತ್ತು ದಾಟಿದೆ. "ತಮ್ಮಾ, ಕಾಲಿಗೆ ರಕ್ತ ಹೋಗವಲ್ದು. ಮೊಮ್ಮಗ ಹೇಳ್ಯಾನ, ಎಲ್-ಆರ್ಜಿನಿನ್ ಅಂತ ಒಂದು ಪುಡಿ ಐತಂತ, ಕೊಡು."

ಇಬ್ಬರಿಗೂ ಅವತ್ತು ನಾನು ಏನೂ ಕೊಡಲಿಲ್ಲ. ಅಂಗಡಿ ಇಟ್ಟವನು ಹೀಗೆ ಮಾಡಿದರೆ ಮನೆಯಲ್ಲಿ ಬೈತಾರೆ, ಅದು ಬೇರೆ ಮಾತು. ಆದರೆ ಈ ಡಬ್ಬಿಗಳನ್ನು ಹೋಲಿಸುವ ಮೊದಲು ಒಂದು ಪ್ರಶ್ನೆ ಇದೆ: ನೀವು ಆ ಹುಡುಗನೋ, ಆ ಕಾಕಾನೋ? ಹುಡುಗನಾದರೆ ಯಾವ ಡಬ್ಬಿ ಅಂತ ಮಾತಾಡಬಹುದು. ಕಾಕಾ ಆದರೆ ಡಬ್ಬಿಯ ಮಾತೇ ಬೇಡ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು, ಇದು ಕೆಲಸ ಮಾಡುವ ರೀತಿ

ನಮ್ಮ ರಕ್ತನಾಳಗಳ ಒಳಗೋಡೆ ನೈಟ್ರಿಕ್ ಆಕ್ಸೈಡ್ ಅನ್ನುವ ಅನಿಲವನ್ನು ಚೂರುಚೂರೇ ಹುಟ್ಟಿಸುತ್ತಿರುತ್ತದೆ. ಅದು ನಾಳದ ಸ್ನಾಯುವಿಗೆ ಸಡಿಲಾಗು ಅನ್ನುತ್ತದೆ. ನಾಳ ಹಿಗ್ಗುತ್ತದೆ, ರಕ್ತ ಸಲೀಸಾಗಿ ಹರಿಯುತ್ತದೆ. ಇದನ್ನು ಕಂಡುಹಿಡಿದ ಫರ್ಚ್‌ಗಾಟ್, ಇಗ್ನಾರೊ ಮತ್ತು ಮುರಾದ್ ಎಂಬ ಮೂವರಿಗೆ 1998ರಲ್ಲಿ ನೊಬೆಲ್ ಬಂತು. ತಮಾಷೆ ಅಂದರೆ, ಡೈನಮೈಟ್ ಮಾಡಿದ ಆಲ್ಫ್ರೆಡ್ ನೊಬೆಲ್‌ಗೇ ಕೊನೆಗಾಲದಲ್ಲಿ ಹೃದಯದ ತೊಂದರೆಗೆ ಡಾಕ್ಟರರು ನೈಟ್ರೋಗ್ಲಿಸರಿನ್ ಬರೆದುಕೊಟ್ಟಿದ್ದರು. ಡೈನಮೈಟ್‌ನಲ್ಲಿ ಸಿಡಿಯುವ ಸಾಮಾನು ಅದೇ. ಅದು ಮೈಯೊಳಗೆ ಹೋಗಿ ಮಾಡುವುದೂ ಈ ನೈಟ್ರಿಕ್ ಆಕ್ಸೈಡ್ ಕೆಲಸವನ್ನೇ.

ದೇಹ ಈ ಅನಿಲವನ್ನು ಮಾಡಿಕೊಳ್ಳುವುದು ಆರ್ಜಿನಿನ್ ಎಂಬ ಅಮೈನೋ ಆಮ್ಲದಿಂದ (ಪ್ರೋಟೀನ್ ಕಟ್ಟುವ ಇಟ್ಟಿಗೆಗಳಲ್ಲಿ ಒಂದು). ಹಾಗಾದರೆ ಆರ್ಜಿನಿನ್ ತಿಂದರೆ ಮುಗೀತಲ್ವಾ? ಅಲ್ಲೇ ಇರೋದು ಗಂಟು.

ಆರ್ಜಿನಿನ್: ಹೆಸರು ದೊಡ್ಡದು, ಊರು ಮುಟ್ಟುವುದು ಕಡಿಮೆ

ಬಾಯಿಂದ ತೆಗೆದುಕೊಂಡ ಆರ್ಜಿನಿನ್‌ನ ದೊಡ್ಡ ಪಾಲು ಕರುಳು ಮತ್ತು ಲಿವರ್‌ನಲ್ಲೇ ಒಡೆದು ಹೋಗುತ್ತದೆ. ಅಲ್ಲಿ ಅದನ್ನು ಕತ್ತರಿಸಲೆಂದೇ ಆರ್ಜಿನೇಸ್ ಅನ್ನುವ ಕಿಣ್ವ ಕೂತಿರುತ್ತದೆ. ನಮ್ಮೂರ ಲೆಕ್ಕದಲ್ಲಿ ಹೇಳಬೇಕೆಂದರೆ, ಆರ್ಜಿನಿನ್ ಊರೊಳಗಿಂದ ಹಾಯುವ ಲಾರಿ. ಚೆನ್ನಮ್ಮ ಸರ್ಕಲ್ ದಾಟುವಷ್ಟರಲ್ಲಿ ಅರ್ಧ ಮಾಲು ಇಳಿದಿರುತ್ತದೆ. ಸಿಟ್ರುಲಿನ್ ಬೈಪಾಸ್ ಹಿಡಿದ ಲಾರಿ. ಲಿವರ್ ಅದನ್ನು ಮುಟ್ಟುವುದಿಲ್ಲ, ಸೀದಾ ಮೂತ್ರಪಿಂಡಕ್ಕೆ ಹೋಗುತ್ತದೆ, ಅಲ್ಲಿ ಆರ್ಜಿನಿನ್ ಆಗಿ ಬದಲಾಗಿ ರಕ್ತಕ್ಕೆ ಇಳಿಯುತ್ತದೆ. ಹೀಗಾಗಿ ರಕ್ತದಲ್ಲಿ ಆರ್ಜಿನಿನ್ ಏರಬೇಕೆಂದರೆ ಆರ್ಜಿನಿನ್‌ಗಿಂತ ಸಿಟ್ರುಲಿನ್ ತೆಗೆದುಕೊಳ್ಳುವುದೇ ಲಾಭ. ಕೇಳಲು ವಿಚಿತ್ರ, ಆದರೆ ರಕ್ತ ತೆಗೆದು ಅಳೆದಾಗ ಕಂಡದ್ದು ಇದೇ.

ಡೋಸ್ ಜಾಸ್ತಿ ಮಾಡಿದರೆ ಆಗಲ್ವಾ ಅಂತ ಹುಡುಗರು ಕೇಳುತ್ತಾರೆ. ಆಗುತ್ತದೆ, ಆದರೆ ಹೊಟ್ಟೆ ಕೇಳುವುದಿಲ್ಲ. ಒಂದೇ ಸಲ 9-10 ಗ್ರಾಂ ಹತ್ತಿರ ಹೋದರೆ ಹೊಟ್ಟೆ ನುಲಿತ, ಭೇದಿ ಶುರು. ಬೆಂಚ್ ಪ್ರೆಸ್ ಮಾಡುತ್ತಾ ಮಲಗಿದಾಗ ಅದು ಬೇಡ. ರುಚಿಯೂ ಹಾಗೇ. ಸಾದಾ ಆರ್ಜಿನಿನ್ ಪುಡಿಯನ್ನು ನೀರಿಗೆ ಹಾಕಿ ಮೂಗಿನ ಹತ್ತಿರ ತನ್ನಿ, ಹಳೇ ಮೀನಿನ ವಾಸನೆಯ ಎಳೆಯೊಂದು ಸಿಗುತ್ತದೆ. ಕುಡಿದರೆ ಕಹಿ. ತುಟಿ ಮೇಲೆ ಪದೇಪದೇ ಹರ್ಪಿಸ್ ಗುಳ್ಳೆ ಏಳುವವರಿಗೆ ಇದು ಮತ್ತೆ ಗುಳ್ಳೆ ಎಬ್ಬಿಸಬಹುದು ಅನ್ನುವ ಎಚ್ಚರಿಕೆಯೂ ಇದೆ.

ಹಾಗಾದರೆ ಅಂಗಡಿಯಲ್ಲಿ ಆರ್ಜಿನಿನ್ ಸ್ಯಾಚೆ ಯಾಕೆ ಇಟ್ಟಿರುತ್ತೀರಿ? ಒಳ್ಳೆ ಪ್ರಶ್ನೆ. ಆ ಸ್ಯಾಚೆಗಳ ಗಿರಾಕಿಗಳು ಹೆಚ್ಚಾಗಿ ಗರ್ಭಿಣಿಯರು. ಹೊಟ್ಟೆಯಲ್ಲಿನ ಕೂಸಿನ ಬೆಳವಣಿಗೆ ಕಡಿಮೆ ಅನ್ನಿಸಿದಾಗ ಸ್ತ್ರೀರೋಗ ತಜ್ಞರು 3 ಗ್ರಾಂ ಆರ್ಜಿನಿನ್ ಇರುವ ಸ್ಯಾಚೆ ಬರೆಯುತ್ತಾರೆ. ಒಮ್ಮೆ ಒಬ್ಬ ಜಿಮ್ ಹುಡುಗ ಅದೇ ಸ್ಯಾಚೆ ಹತ್ತು ಕೊಡಿ ಅಂದ. ಪೊಟ್ಟಣದ ಮೇಲಿನ ತಾಯಿಯ ಚಿತ್ರವನ್ನು ಬೆರಳಿಟ್ಟು ತೋರಿಸಿದೆ. ಹಿಂದೆ ನಿಂತಿದ್ದ ಗೆಳೆಯರು ನಕ್ಕ ನಗು ಇನ್ನೂ ಕಿವಿಯಲ್ಲಿದೆ.

ಆಹಾರದ ಮಾತು ಬಂದಾಗ ಒಂದು ಹೇಳಲೇಬೇಕು. ನಮ್ಮ ಕಡೆಯ ಶೇಂಗಾ ಆರ್ಜಿನಿನ್‌ನ ಕಣಜ. 100 ಗ್ರಾಂ ಶೇಂಗಾದಲ್ಲಿ ಸುಮಾರು 3 ಗ್ರಾಂ ಇರುತ್ತದೆ. ಒಂದು ಸ್ಯಾಚೆಯಷ್ಟು! ಒಂದು ಹಿಡಿ ಹುರಿದ ಶೇಂಗಾ ಅಂದರೆ ಹತ್ತಿರ ಹತ್ತಿರ 1 ಗ್ರಾಂ. ರೊಟ್ಟಿ, ಶೇಂಗಾ ಚಟ್ನಿ, ಬ್ಯಾಳಿ ಉಣ್ಣುವ ಗದಗಿನವನಿಗೂ ಹಾವೇರಿಯವನಿಗೂ ಆರ್ಜಿನಿನ್ ಕೊರತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಷ್ಟಕ್ಕೂ ಆರೋಗ್ಯವಂತ ದೊಡ್ಡವರ ದೇಹ ಇದನ್ನು ತಾನೇ ತಯಾರಿಸಿಕೊಳ್ಳುತ್ತದೆ.

ಸಿಟ್ರುಲಿನ್: ಹುಡುಗನಿಗೆ ನನ್ನ ಆಯ್ಕೆ, ಆದರೆ ಸಣ್ಣ ದನಿಯಲ್ಲಿ

ಹೆಸರಲ್ಲೇ ಕಲ್ಲಂಗಡಿ ಇದೆ. ಕಲ್ಲಂಗಡಿಯ ವೈಜ್ಞಾನಿಕ ಹೆಸರು ಸಿಟ್ರುಲಸ್, ಜಪಾನಿನವರು ಇದನ್ನು ಮೊದಲು ಬೇರ್ಪಡಿಸಿದ್ದೂ ಆ ಹಣ್ಣಿನ ರಸದಿಂದ. ಹಾಗಂತ ಹಣ್ಣು ತಿಂದೇ ಡೋಸ್ ಮುಟ್ಟಿಸುತ್ತೇನೆ ಅಂದರೆ ಒಬ್ಬನೇ ಕೂತು ಕಿಲೋಗಟ್ಟಲೆ ತಿನ್ನಬೇಕು. ಬೇಸಿಗೆಯಲ್ಲಿ ರಸ್ತೆ ಬದಿ ರಾಶಿ ಹಾಕಿದವನಿಗೆ ಖುಷಿ, ನಿಮ್ಮ ಮೂತ್ರಕೋಶಕ್ಕಲ್ಲ.

ಅಂಗಡಿಯಲ್ಲಿ ಇದು ಎರಡು ರೂಪದಲ್ಲಿ ಸಿಗುತ್ತದೆ. ಎಲ್-ಸಿಟ್ರುಲಿನ್ ಅಂದರೆ ಬರೀ ಅದು. ನೀರಿಗೆ ಹಾಕಿದರೆ ಹೆಚ್ಚು ರುಚಿಯಿಲ್ಲ, ನಾಲಿಗೆ ತುದಿಗೆ ಸ್ವಲ್ಪ ಸಪ್ಪೆ ಸಿಹಿ. ಸಿಟ್ರುಲಿನ್ ಮ್ಯಾಲೇಟ್ ಅಂದರೆ ಮ್ಯಾಲಿಕ್ ಆಮ್ಲ ಕೂಡಿದ್ದು, ಹಲ್ಲು ಜುಮ್ಮೆನ್ನುವಷ್ಟು ಹುಳಿ. ಇಲ್ಲೇ ಹುಡುಗರು ಮೋಸ ಹೋಗೋದು. ಡಬ್ಬಿ ಮೇಲೆ "ಸಿಟ್ರುಲಿನ್ ಮ್ಯಾಲೇಟ್ 2:1, 6 ಗ್ರಾಂ" ಅಂತಿದ್ದರೆ ಅದರಲ್ಲಿ ಸಿಟ್ರುಲಿನ್ ಇರುವುದು ಸುಮಾರು 4 ಗ್ರಾಂ. ಉಳಿದದ್ದು ಹುಳಿ. ಎಲ್-ಸಿಟ್ರುಲಿನ್ 6 ಗ್ರಾಂ ಇರುವ ಡಬ್ಬಿಯ ಪಕ್ಕ ಇದನ್ನಿಟ್ಟು "ಎರಡೂ 6, ಇದು ಅಗ್ಗ" ಅಂದರೆ ಲೆಕ್ಕ ತಪ್ಪಿತು.

ಎಷ್ಟು ಬೇಕು? ಸಾಮಾನ್ಯವಾಗಿ ಎಲ್-ಸಿಟ್ರುಲಿನ್ ಆದರೆ 3ರಿಂದ 6 ಗ್ರಾಂ, ಮ್ಯಾಲೇಟ್ ಆದರೆ 6ರಿಂದ 8 ಗ್ರಾಂ. ವ್ಯಾಯಾಮಕ್ಕೆ ಮುಕ್ಕಾಲು ತಾಸೋ ಒಂದು ತಾಸೋ ಮೊದಲು. ಹೊಟ್ಟೆಗೆ ಆರ್ಜಿನಿನ್‌ನಷ್ಟು ತ್ರಾಸು ಕೊಡುವುದಿಲ್ಲ.

ಫಲ? 2010ರಲ್ಲಿ 41 ಗಂಡಸರ ಮೇಲೆ ನಡೆದ ಒಂದು ಅಧ್ಯಯನ ಇದನ್ನು ಜಗತ್ತಿಗೆಲ್ಲ ಮಾರಿಕೊಟ್ಟಿತು ಅನ್ನಬಹುದು. 8 ಗ್ರಾಂ ಮ್ಯಾಲೇಟ್ ಕುಡಿದವರು ಬೆಂಚ್ ಪ್ರೆಸ್‌ನ ಕೊನೆಯ ಸೆಟ್‌ಗಳಲ್ಲಿ ಬಹಳ ಜಾಸ್ತಿ ಸಲ ಎತ್ತಿದರು, ಮರುದಿನದ ಮೈನೋವೂ ಕಡಿಮೆಯಾಯಿತು ಅಂತ. ಆಮೇಲೆ ಬಂದ ಅಧ್ಯಯನಗಳಲ್ಲಿ ಕೆಲವು ಹೌದು ಅಂದವು, ಕೆಲವು ಏನೂ ಇಲ್ಲ ಅಂದವು. ಎಲ್ಲ ಕೂಡಿಸಿ ನೋಡಿದರೆ ಲಾಭ ಇದೆ, ಆದರೆ ಸಣ್ಣದು. ಒಂದು ಸೆಟ್‌ಗೆ ಒಂದು ಸಲ ಜಾಸ್ತಿ ಎತ್ತಬಹುದು. ಎತ್ತದೆಯೂ ಇರಬಹುದು. ತೋಳು ಉಬ್ಬಿದಂತೆ ಕಾಣುವ ಪಂಪ್ ಒಂದೆರಡು ತಾಸಿನದು. ಅದು ಬೆಳೆದ ಸ್ನಾಯುವಲ್ಲ, ಫೋಟೋ ತೆಗೆಸಿಕೊಳ್ಳಲು ಸಾಕು ಅಷ್ಟೇ.

ಬೀಟ್‌ರೂಟ್: ಅಮೈನೋ ಆಮ್ಲ ಅಲ್ಲ, ಆದರೂ ಇದೇ ಸಾಲಿನಲ್ಲಿ ಕೂರಬೇಕು

ನೈಟ್ರಿಕ್ ಆಕ್ಸೈಡ್‌ಗೆ ಇನ್ನೊಂದು ದಾರಿ ಇದೆ. ಬೀಟ್‌ರೂಟ್, ಪಾಲಕ, ಮೂಲಂಗಿ ಸೊಪ್ಪಿನಂಥವುಗಳಲ್ಲಿ ನೈಟ್ರೇಟ್ ಜಾಸ್ತಿ. ಅದು ರಕ್ತಕ್ಕೆ ಸೇರಿ ಜೊಲ್ಲಿನ ಮೂಲಕ ಮತ್ತೆ ಬಾಯಿಗೆ ಬರುತ್ತದೆ. ನಾಲಿಗೆ ಮೇಲಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ. ನುಂಗಿದ ಮೇಲೆ ಅದು ನೈಟ್ರಿಕ್ ಆಕ್ಸೈಡ್ ಆಗುತ್ತದೆ. ಹೀಗಾಗಿ ಬೀಟ್‌ರೂಟ್ ರಸ ಕುಡಿಯುವ ದಿನ ಬ್ಯಾಕ್ಟೀರಿಯಾ ಕೊಲ್ಲುವ ಮೌತ್‌ವಾಶ್‌ನಿಂದ ಬಾಯಿ ಮುಕ್ಕಳಿಸಿದರೆ ಕುಡಿದದ್ದು ದಂಡ. ಇದನ್ನು ಹೇಳಿದಾಗ ಗಿರಾಕಿಗಳು ನಂಬುವುದೇ ಇಲ್ಲ, ನಾನು ಮೌತ್‌ವಾಶ್ ಮಾರುವವನೂ ಆದ್ದರಿಂದ ಸ್ವಲ್ಪ ಗೊಂದಲ ಆಗುತ್ತದೆ.

ದೂರ ಓಡುವವರಿಗೆ ಇದೇ ಮೇಲು ಅಂತ ನನ್ನ ಲೆಕ್ಕ. ಧಾರವಾಡದಲ್ಲಿ ಬೆಳಗಿನ ಜಾವ ಕೆಸಿಡಿ ಮೈದಾನದ ಕಡೆ ಪೊಲೀಸ್ ಭರ್ತಿಗೆ ಓಡುವ ಹುಡುಗರನ್ನು ನೋಡಿ. ಅವರಿಗೆ ಬೇಕಿರುವುದು ತೋಳಿನ ಉಬ್ಬಲ್ಲ, ಅದೇ ವೇಗಕ್ಕೆ ಕಡಿಮೆ ಆಮ್ಲಜನಕ ಖರ್ಚಾಗುವುದು. ಬೀಟ್‌ರೂಟ್ ಮಾಡಿದ್ದು ಅದನ್ನೇ ಅಂತ ಹಲವು ಅಧ್ಯಯನಗಳಲ್ಲಿ ಕಂಡಿದೆ. ಮೊದಲೇ ತುಂಬ ಪಳಗಿದ ಓಟಗಾರರಲ್ಲಿ ಫಲ ಕಡಿಮೆ, ಹೊಸಬರಲ್ಲಿ ಜಾಸ್ತಿ. ಎರಡು ದೊಡ್ಡ ಗಡ್ಡೆಯ ರಸವನ್ನು ಓಟಕ್ಕೆ ಎರಡರಿಂದ ಮೂರು ತಾಸು ಮೊದಲು ಕುಡಿಯಬೇಕು. ಬೇಯಿಸಿ ನೀರು ಚೆಲ್ಲಿದರೆ ನೈಟ್ರೇಟ್ ಆ ನೀರಿನ ಜೊತೆ ಹೋಗುತ್ತದೆ, ಅದಕ್ಕೇ ಹಸಿ ರಸ. ಒಂದು ತೊಂದರೆ: ಗಡ್ಡೆಯಿಂದ ಗಡ್ಡೆಗೆ ನೈಟ್ರೇಟ್ ಹೆಚ್ಚುಕಡಿಮೆ. ಪುಡಿಯ ಹಾಗೆ ಗ್ರಾಂ ಲೆಕ್ಕ ಸಿಗುವುದಿಲ್ಲ.

ಮೂತ್ರ ಕೆಂಪಾದರೆ ಗಾಬರಿ ಬೇಡ, ಅದು ಗಡ್ಡೆಯ ಬಣ್ಣ. ಆದರೆ ಹಿಂದೆ ಮೂತ್ರಪಿಂಡದಲ್ಲಿ ಹಳ್ಳು ಆಗಿದ್ದವರು ದಿನಾ ಕುಡಿಯಬೇಡಿ, ಇದರಲ್ಲಿ ಆಕ್ಸಲೇಟ್ ಜಾಸ್ತಿ.

ಉಳಿದವು

ಬೀಟಾ-ಅಲನಿನ್ ಅನ್ನುವ ಇನ್ನೊಂದು ಅಮೈನೋ ಆಮ್ಲ ರಕ್ತ ಓಡಾಡಿಸುವುದಿಲ್ಲ. ಸ್ನಾಯುವಿನಲ್ಲಿ ಆಮ್ಲ ತಗ್ಗಿಸುವ ಕಾರ್ನೊಸಿನ್ ಅನ್ನುವ ಪದಾರ್ಥವನ್ನು ಹೆಚ್ಚಿಸಿ, ಒಂದರಿಂದ ನಾಲ್ಕು ನಿಮಿಷ ಜೀವ ಬಿಟ್ಟು ಮಾಡುವ ಕೆಲಸದಲ್ಲಿ ಸ್ನಾಯು ಉರಿಯುವುದನ್ನು ಮುಂದೂಡುತ್ತದೆ. ಕುಸ್ತಿ ಹಿಡಿಯುವವರು, 800 ಮೀಟರ್ ಓಡುವವರು ನೋಡಬಹುದು. ದಿನಕ್ಕೆ 3ರಿಂದ 6 ಗ್ರಾಂ, ಎರಡು ಮೂರು ಪಾಲು ಮಾಡಿ, ಕನಿಷ್ಠ ನಾಲ್ಕು ವಾರ. ಒಂದೇ ಸಲ ಜಾಸ್ತಿ ನುಂಗಿದರೆ ಕಿವಿ, ಮುಖ, ಕೈ ಮೇಲೆ ಇರುವೆ ಹರಿದ ಹಾಗೆ ಜುಮುಜುಮು. ಇದನ್ನೇ "ರಕ್ತ ಓಡ್ಲಿಕ್ಕ ಹತ್ತೇತಿ" ಅಂದುಕೊಂಡವರನ್ನು ಕಂಡಿದ್ದೇನೆ. ಅದು ರಕ್ತವಲ್ಲ, ನರ.

ಬಿಸಿಎಎ (ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಎಂಬ ಮೂರು ಅಮೈನೋ ಆಮ್ಲಗಳ ಪುಡಿ) ಬಗ್ಗೆ ಎರಡೇ ಮಾತು. ಬೇಳೆ, ಮೊಸರು, ಮೊಟ್ಟೆ ಸಾಕಷ್ಟು ತಿನ್ನುವವರಿಗೆ ಅದು ಬೇಡ. ರಕ್ತಪರಿಚಲನೆಗೂ ಅದಕ್ಕೂ ಸಂಬಂಧವಿಲ್ಲ.

ಇನ್ನು ಭಾರ ಎತ್ತುವ ಹುಡುಗನ ಕೈಯಲ್ಲಿ ಒಂದೇ ಡಬ್ಬಿಗೆ ದುಡ್ಡಿದ್ದರೆ? ಆಗ ಸಿಟ್ರುಲಿನ್ ಕೂಡ ಬೇಡ, ಕ್ರಿಯಾಟಿನ್ ತಗೋ ಅನ್ನುತ್ತೇನೆ. ಅದನ್ನು ದೇಹ ಕಟ್ಟುವುದು ಆರ್ಜಿನಿನ್, ಗ್ಲೈಸಿನ್, ಮೆಥಿಯೋನಿನ್ ಎಂಬ ಮೂರು ಅಮೈನೋ ಆಮ್ಲಗಳಿಂದ. ದಿನಕ್ಕೆ 3ರಿಂದ 5 ಗ್ರಾಂ, ಯಾವ ಹೊತ್ತಾದರೂ ಸರಿ. ಪಂಪ್ ಬರುವುದಿಲ್ಲ, ಆದರೆ ಎತ್ತುವ ತೂಕ ಏರುತ್ತದೆ ಅನ್ನುವುದಕ್ಕೆ ಇದರಷ್ಟು ಗಟ್ಟಿ ಆಧಾರ ಈ ಸಾಲಿನ ಬೇರೆ ಯಾವುದಕ್ಕೂ ಇಲ್ಲ.

ಡಬ್ಬಿಯ ಹಿಂಬದಿ

ಪ್ರೀ-ವರ್ಕೌಟ್, ಅಂದರೆ ವ್ಯಾಯಾಮಕ್ಕೆ ಮೊದಲು ಕುಡಿಯುವ ಪುಡಿಯ ಡಬ್ಬಿಗಳಲ್ಲಿ ಇದೆಲ್ಲ ಕಲೆಸಿಯೇ ಬರುತ್ತದೆ. ಒಂದು ಸಲ ನಾನೇ ಮೋಸ ಹೋದೆ. ಏಜೆಂಟ್ ಒಬ್ಬ ಹೊಗಳಿ ಕೊಟ್ಟ ಡಬ್ಬಿ, 300 ಗ್ರಾಂ, ಮುಂದೆ ದೊಡ್ಡಕ್ಷರದಲ್ಲಿ ಸಿಟ್ರುಲಿನ್. ಆರು ತರಿಸಿದೆ. ರಾತ್ರಿ ಕನ್ನಡಕ ಹಾಕಿ ಹಿಂಬದಿ ಓದಿದರೆ, 10 ಗ್ರಾಂ ಸ್ಕೂಪ್‌ನಲ್ಲಿ "ವಿಶೇಷ ಮಿಶ್ರಣ 5 ಗ್ರಾಂ" ಅಂತ ಮಾತ್ರ ಇದೆ. ಆ ಐದರಲ್ಲಿ ಸಿಟ್ರುಲಿನ್ ಎಷ್ಟು, ಟಾರಿನ್ ಎಷ್ಟು, ದೇವರಿಗೇ ಗೊತ್ತು. ಹಾಗೆ ಒಟ್ಟು ಹಾಕಿ ಬರೆದ ಡಬ್ಬಿ ಕೆಳಗಿಡಿ. ಬಿಡಿಬಿಡಿಯಾಗಿ ಬರೆದದ್ದಾದರೆ ಲೆಕ್ಕ ಸುಲಭ. ಸ್ಕೂಪ್‌ಗೆ 3 ಗ್ರಾಂ ಸಿಟ್ರುಲಿನ್, 30 ಸ್ಕೂಪ್, ಅಂದರೆ ಡಬ್ಬಿಯಲ್ಲಿ 90 ಗ್ರಾಂ. ಬೆಲೆಯನ್ನು 90ರಿಂದ ಭಾಗಿಸಿ. ಬರೀ ಎಲ್-ಸಿಟ್ರುಲಿನ್ ಪುಡಿಯ ಒಂದು ಗ್ರಾಂ ಬೆಲೆಯ ಜೊತೆ ಇಟ್ಟು ನೋಡಿ. ಬಣ್ಣಕ್ಕೂ ಹಣ್ಣಿನ ವಾಸನೆಗೂ ಎಷ್ಟು ಕೊಡುತ್ತಿದ್ದೀರಿ ಅಂತ ಗೊತ್ತಾಗುತ್ತದೆ.

ಕೆಫೀನ್ ಎಷ್ಟಿದೆ ಅನ್ನುವುದನ್ನೂ ನೋಡಿ. ಕೆಲವದರಲ್ಲಿ ಸ್ಕೂಪ್‌ಗೆ 200-300 ಮಿಲಿಗ್ರಾಂ ಇರುತ್ತದೆ, ಎರಡು ಮೂರು ಲೋಟ ಗಟ್ಟಿ ಕಾಫಿ ಒಂದೇ ಗುಟುಕಿಗೆ. ಆರೋಗ್ಯವಂತರಿಗೂ ದಿನವಿಡೀ ಸೇರಿ 400 ದಾಟಬಾರದು ಅನ್ನುತ್ತಾರೆ. ಸಂಜೆ ಏಳಕ್ಕೆ ಕುಡಿದು ರಾತ್ರಿ ಎರಡಕ್ಕೆ ಎದೆ ಡವಡವ ಅಂದರೆ ಅದು ಪಂಪ್ ಅಲ್ಲ.

ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಮುದ್ರೆ ಮತ್ತು 14 ಅಂಕಿಯ ಲೈಸೆನ್ಸ್ ಸಂಖ್ಯೆ ಇಲ್ಲದ್ದನ್ನು ಮುಟ್ಟಬೇಡಿ. ರಾಜ್ಯಮಟ್ಟದಲ್ಲಿ ಆಡುವ ಕಬಡ್ಡಿ, ಕುಸ್ತಿ ಹುಡುಗರಿಗೆ ಇನ್ನೊಂದು ಮಾತು. ಆರ್ಜಿನಿನ್, ಸಿಟ್ರುಲಿನ್ ಎರಡೂ ಆಟಗಾರರಿಗೆ ನಿಷೇಧಿಸಿದ ಮದ್ದುಗಳ ಪಟ್ಟಿಯಲ್ಲಿಲ್ಲ. ಆದರೆ ಕಲಬೆರಕೆ ಪುಡಿಯಲ್ಲಿ ಅಡಗಿದ ಉತ್ತೇಜಕ ಮೂತ್ರದಲ್ಲಿ ಸಿಕ್ಕರೆ "ನನಗೆ ಗೊತ್ತಿರಲಿಲ್ಲ" ಅನ್ನುವುದು ನಡೆಯುವುದಿಲ್ಲ. ಬ್ಯಾಚ್ ಬ್ಯಾಚ್ ಪರೀಕ್ಷೆ ಮಾಡಿಸಿದ ಗುರುತಿರುವ ಡಬ್ಬಿ ದುಬಾರಿ, ಆದರೂ ಅದನ್ನೇ ತೆಗೆದುಕೊಳ್ಳಿ.

ಕಾಕಾನ ಕಾಲು

ಈಗ ಕಾಕಾಗೆ ಬರೋಣ. ಅವರನ್ನು ಸ್ಟೂಲ್ ಮೇಲೆ ಕೂರಿಸಿ ಎರಡು ಪ್ರಶ್ನೆ ಕೇಳಿದೆ. ಯಾವಾಗ ನೋಯ್ತದ? "ಉಣಕಲ್ ಕೆರಿ ದಂಡಿ ಮ್ಯಾಲೆ ಅರ್ಧ ದಾರಿ ಹೋಗೂದ್ರಾಗ ಮೀನಖಂಡ ಹಿಡಕೋತಾವ. ನಿಂತ್ರ ಎರಡು ನಿಮಿಷಕ್ಕ ಹೋಗ್ತದ. ಮತ್ತ ನಡದ್ರ ಮತ್ತ ಅದ." ರಾತ್ರಿ ಪಾದ ಉರೀತಾವೇನು? ಇಲ್ಲ. ತಂಬಾಕು? ಕಾಕಾ ಕಿಸೆಯ ಬೀಡಿ ಕಟ್ಟಿನ ಮೇಲೆ ಕೈ ಇಟ್ಟುಕೊಂಡು ಸುಮ್ನೆ ಕೂತರು.

ನಡೆದಾಗ ಹಿಡಿದು ನಿಂತಾಗ ಬಿಡುವ ನೋವು ಕಾಲಿನ ರಕ್ತನಾಳ ಕಿರಿದಾಗಿರುವ ಗುರುತಾಗಿರಬಹುದು. ಇದಕ್ಕೆ ಆರ್ಜಿನಿನ್ ಕೊಟ್ಟು ನೋಡಿಯೂ ಆಗಿದೆ. ದಿನಕ್ಕೆ 3 ಗ್ರಾಂನಂತೆ ಆರು ತಿಂಗಳು ಕೊಟ್ಟ ಅಮೆರಿಕದ ಒಂದು ಅಧ್ಯಯನ 2007ರಲ್ಲಿ ಹೊರಬಂತು. ಹೋಲಿಸಿ ನೋಡಲೆಂದು ಕೊಟ್ಟ, ಆರ್ಜಿನಿನ್ ಇಲ್ಲದ ಸುಳ್ಳು ಪುಡಿ ತಿಂದವರ ನಡಿಗೆಯೇ ಆರ್ಜಿನಿನ್ ತಿಂದವರಿಗಿಂತ ಜಾಸ್ತಿ ಸುಧಾರಿಸಿತ್ತು! ಅದಕ್ಕಿಂತ ಹೆದರಿಕೆ ಹುಟ್ಟಿಸುವುದು 2006ರದ್ದು. ಹೃದಯಾಘಾತ ಆದವರಿಗೆ ದಿನಕ್ಕೆ 9 ಗ್ರಾಂವರೆಗೆ ಕೊಟ್ಟರು. 153 ಜನರ ಪೈಕಿ ಆರ್ಜಿನಿನ್ ಗುಂಪಿನಲ್ಲಿ ಆರು ಮಂದಿ ತೀರಿಕೊಂಡರು, ಇನ್ನೊಂದು ಗುಂಪಿನಲ್ಲಿ ಒಬ್ಬರೂ ಇಲ್ಲ. ಅಧ್ಯಯನವನ್ನೇ ನಡುವೆ ನಿಲ್ಲಿಸಿದರು. ಹೃದಯಾಘಾತ ಆದವರು ಆರ್ಜಿನಿನ್ ತೆಗೆದುಕೊಳ್ಳಬಾರದು ಅನ್ನುವ ಮಾತು ಬಂದಿದ್ದು ಅಲ್ಲಿಂದ.

ಬಿಪಿ ಗುಳಿಗೆ ನುಂಗುವವರು, ಎದೆನೋವಿಗೆ ನಾಲಿಗೆ ಕೆಳಗೆ ನೈಟ್ರೇಟ್ ಗುಳಿಗೆ ಇಡುವವರು, ಸಿಲ್ಡೆನಾಫಿಲ್ (ವಯಾಗ್ರಾದಂಥ ಗುಳಿಗೆ) ತೆಗೆದುಕೊಳ್ಳುವವರು ಆರ್ಜಿನಿನ್ ಆಗಲಿ ಸಿಟ್ರುಲಿನ್ ಆಗಲಿ ಕೇಳದೆ ಶುರು ಮಾಡಬೇಡಿ. ಎರಡೂ ಕಡೆಯಿಂದ ನಾಳ ಸಡಿಲಾಗಿ ಬಿಪಿ ಧಡಕ್ಕನೆ ಇಳಿಯಬಹುದು. ಮೂತ್ರಪಿಂಡದ ತೊಂದರೆ ಇರುವವರೂ, ಗರ್ಭಿಣಿಯರೂ ಹಾಗೇ, ಡಾಕ್ಟರ ಚೀಟಿ ಇದ್ದರೆ ಮಾತ್ರ.

ಇನ್ನು ಪಾದ ಉರಿ, ಜೋಮು, ಹತ್ತಿ ಮೇಲೆ ನಡೆದ ಹಾಗೆ ಅನ್ನಿಸುವುದು ಇದ್ದರೆ ಅದು ಬಹಳ ಸಲ ರಕ್ತದ್ದಲ್ಲ, ನರದ್ದು. ಶುಗರ್ ಇರುವವರಲ್ಲಿ ಸಾಮಾನ್ಯ. ವರ್ಷಗಟ್ಟಲೆ ಶುಗರ್‌ಗೆ ಮೆಟ್‌ಫಾರ್ಮಿನ್ ಗುಳಿಗೆ ನುಂಗಿದವರಲ್ಲಿ ಬಿ12 ಕಡಿಮೆಯಾಗಿಯೂ ಹೀಗಾಗುತ್ತದೆ. ರಕ್ತ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ. ಆರ್ಜಿನಿನ್ ಅಲ್ಲಿ ಏನು ಮಾಡೀತು? ಒಂದೇ ಕಾಲು ದಿಢೀರನೆ ಊದಿ, ಬಿಸಿಯಾಗಿ ನೋಯುತ್ತಿದ್ದರೆ ಔಷಧಿ ಅಂಗಡಿಗೆ ಬರಲೇಬೇಡಿ, ಸೀದಾ ದವಾಖಾನೆಗೆ ಹೋಗಿ. ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು.

ಕಾಕಾ ಮಗನನ್ನು ಕರೆದುಕೊಂಡು ಡಾಕ್ಟರ ಹತ್ತಿರ ಹೋದರು. ತೋಳಿನ ಬಿಪಿ, ಕಾಲು ಗಂಟಿನ ಬಿಪಿ ಎರಡೂ ನೋಡಿ ಹೋಲಿಸಿದರಂತೆ. ಎರಡು ಗುಳಿಗೆ ಬರೆದಿದ್ದಾರೆ. ಬೀಡಿ ಬಂದ್. ಆಮೇಲೆ ನಡಿಗೆ: ನೋವು ಬರುವತನಕ ನಡೆ, ನಿಲ್ಲು, ಹೋದ ಮೇಲೆ ಮತ್ತೆ ನಡೆ, ಹೀಗೆ ಅರ್ಧದಿಂದ ಮುಕ್ಕಾಲು ತಾಸು, ವಾರಕ್ಕೆ ಮೂರು ಸಲವಾದರೂ, ಮೂರು ತಿಂಗಳು. "ಇದಕ್ಕ ರೊಕ್ಕ ಇಲ್ಲೇನು?" ಅಂತ ನನ್ನನ್ನೇ ಕೇಳಿದರು. ಕೆರೆ ದಂಡೆಯಲ್ಲಿ ಮೊದಲು ನಿಲ್ಲುತ್ತಿದ್ದ ಬೆಂಚಿನಿಂದ ಈಗ ಎರಡು ಬೆಂಚು ಮುಂದೆ ಹೋಗಿ ನಿಲ್ಲುತ್ತಾರೆ. ಬೀಡಿ ಮಾತ್ರ ಪೂರ್ತಿ ಬಿಟ್ಟಿದ್ದಾರೋ ಇಲ್ಲವೋ, ಕಿಸೆ ಇನ್ನೂ ಸ್ವಲ್ಪ ಉಬ್ಬಿದೆ.

ಹುಡುಗ ಬರೀ ಎಲ್-ಸಿಟ್ರುಲಿನ್ ತರಿಸಿಕೊಂಡ, ಕ್ರಿಯಾಟಿನ್ ತಗೋ ಅಂದರೂ ಕೇಳಲಿಲ್ಲ. ಎರಡು ವಾರ ಕುಡಿ, ಎರಡು ವಾರ ಬಿಡು, ಕೊನೆಯ ಸೆಟ್‌ನಲ್ಲಿ ಎಷ್ಟು ಎತ್ತಿದೆ ಅಂತ ದಿನಾ ಬರೆದಿಡು ಅಂದಿದ್ದೆ. ಮೊನ್ನೆ ನೋಟ್‌ಬುಕ್ ತಂದ. ಕುಡಿದಾಗ 9, 10, 9, 10, 10. ಬಿಟ್ಟಾಗ 9, 9, 10, 9, ಮತ್ತು ಒಂದು ದಿನ 11. ಆ ಹನ್ನೊಂದರ ದಿನ ಏನು ಮಾಡಿದ್ದೆ ಅಂದೆ. ತಲೆ ಕೆರೆದುಕೊಂಡು ಹೇಳಿದ: "ಹಿಂದಿನ ರಾತ್ರಿ ಚಲೋ ನಿದ್ದಿ ಆಗಿತ್ರಿ."